ಗ್ರೀಕರು ಅಕ್ಷರ ಕಲಿತದ್ದು ಫಿನೀಷಿಯನ್ನರಿಂದಲೇ?

ಓದುಗರ ಪ್ರಶ್ನೆ: ಗ್ರೀಕ್ ಲಿಪಿ ಫಿನೀಷಿಯನ್ ಲಿಪಿಯಿಂದ ಹುಟ್ಟಿತು ಎಂದು ಎಲ್ಲ ಕಡೆ ಓದುತ್ತೇವೆ. ಇದಕ್ಕೆ ಗಟ್ಟಿ ಆಧಾರವಿದೆಯೇ, ಇಲ್ಲ ಬರೀ ಐತಿಹ್ಯವೇ? ಸ್ವರಾಕ್ಷರಗಳನ್ನು ಗ್ರೀಕರೇ ಕಂಡುಹಿಡಿದರು ಎನ್ನುತ್ತಾರಲ್ಲ, ಅದು ಎಷ್ಟು ಸರಿ? ಇದೆಲ್ಲ ಎಲ್ಲಿ, ಯಾವಾಗ ನಡೆಯಿತು? ನಮ್ಮ ಬ್ರಾಹ್ಮಿಗೂ ಇದಕ್ಕೂ ನಂಟೇನಾದರೂ ಇದೆಯೇ?

ಉತ್ತರ: ಆಧಾರ ಗಟ್ಟಿಯಾಗಿಯೇ ಇದೆ. (ಫಿನೀಷಿಯನ್ನರೆಂದರೆ ಈಗಿನ ಲೆಬನಾನ್ ಕರಾವಳಿಯಲ್ಲಿದ್ದ ಪ್ರಾಚೀನ ಕಡಲ ವ್ಯಾಪಾರಿಗಳು; ಅವರ ಭಾಷೆ ಹೀಬ್ರೂ, ಅರಬ್ಬಿಗಳ ಹಾಗೆ ಸೆಮಿಟಿಕ್ ಬಳಗದ್ದು.) ಒಂದು ಲಿಪಿ ಇನ್ನೊಂದರಿಂದ ಬಂತು ಎಂದು ಇಷ್ಟು ಖಚಿತವಾಗಿ ತೋರಿಸಬಹುದಾದ ಉದಾಹರಣೆಗಳು ಲಿಪಿಶಾಸ್ತ್ರದಲ್ಲಿ ಹೆಚ್ಚಿಲ್ಲ. ಸ್ವರಗಳ ವಿಷಯದಲ್ಲಿ ಮಾತ್ರ ಜನಪ್ರಿಯ ಬರಹಗಳು ಗ್ರೀಕರಿಗೆ ತುಸು ಉದಾರವಾಗಿಯೇ ಅಂಕ ಕೊಡುತ್ತವೆ ಎಂದು ನನಗನ್ನಿಸುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹೆಸರುಗಳನ್ನು ನೋಡಿ. ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಎಂಬ ಈ ಯಾವ ಹೆಸರಿಗೂ ಗ್ರೀಕ್ ಭಾಷೆಯೊಳಗೆ ಬೇರೆ ಅರ್ಥವಿರಲಿಲ್ಲ. ಅವು ಅಕ್ಷರದ ಹೆಸರುಗಳು ಮಾತ್ರ. ಹೀಬ್ರೂವಿನಂಥ ಸೆಮಿಟಿಕ್ ಭಾಷೆಗಳಲ್ಲಿ ಉಳಿದು ಬಂದಿರುವ ಹೆಸರುಗಳನ್ನು ಪಕ್ಕದಲ್ಲಿಟ್ಟರೆ ಗುಟ್ಟು ಬಯಲಾಗುತ್ತದೆ. ಆಲೆಫ್ ಎಂದರೆ ಎತ್ತು, ಬೇತ್ ಎಂದರೆ ಮನೆ, ದಾಲೆತ್ ಬಾಗಿಲು, ಕಾಫ್ ಅಂಗೈ, ಮೇಮ್ ನೀರು, ಐನ್ ಕಣ್ಣು, ರೇಶ್ ತಲೆ. ಪದದ ಮೊದಲ ವ್ಯಂಜನ ಯಾವುದೋ ಅದೇ ಆ ಅಕ್ಷರದ ಉಚ್ಚಾರ. ಗ್ರೀಕರು ಅರ್ಥ ತಿಳಿಯದೆ ಹೆಸರನ್ನು ಬಾಯಿಪಾಠ ಮಾಡಿಕೊಂಡರು. ಹೆಸರಷ್ಟೇ ಅಲ್ಲ, ಸಾಲು ಕೂಡ ಅದೇ. ಸಿರಿಯಾ ಕರಾವಳಿಯ ಉಗರಿತ್‌ನಲ್ಲಿ ಸಿಕ್ಕ ಕ್ರಿ.ಪೂ. 13ನೇ ಶತಮಾನದ ಜೇಡಿಮಣ್ಣಿನ ಫಲಕಗಳಲ್ಲಿ ಅಕ್ಷರಗಳ ರೂಪ ಬೇರೆಯಾದರೂ ಕ್ರಮ ಬಹುಪಾಲು ಇದೇ. ಯಾರದೋ ಕೈಗೆ ಬಿಡಿ ಅಕ್ಷರಗಳು ಸಿಕ್ಕಿ ಅವರು ಜೋಡಿಸಿಕೊಂಡಿದ್ದರೆ ಹೀಗಾಗುತ್ತಿರಲಿಲ್ಲ. ಒಬ್ಬ ಹೇಳಿಕೊಟ್ಟ, ಇನ್ನೊಬ್ಬ ಸಾಲಾಗಿ ಒಪ್ಪಿಸಿದ.

ಇನ್ನು ಆಕಾರ. ಫಿನೀಷಿಯನ್ನರ ಬಿಬ್ಲೋಸ್ ಪಟ್ಟಣದಲ್ಲಿ 1923ರಲ್ಲಿ ಪಿಯೆರ್ ಮೊಂತೆ ಅವರ ಉತ್ಖನನದಲ್ಲಿ ಅಹಿರಾಮ್ ರಾಜನ ಕಲ್ಲಿನ ಶವಪೆಟ್ಟಿಗೆ ಸಿಕ್ಕಿತು. ಈಗ ಅದು ಬೈರೂತಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಸಾಮಾನ್ಯವಾಗಿ ಕ್ರಿ.ಪೂ. 1000ದ ಆಸುಪಾಸಿನದೆಂದು ಹೇಳಲಾಗುವ ಅದರ ಶಾಸನದಲ್ಲಿ ಫಿನೀಷಿಯನ್ ಲಿಪಿ ಪೂರ್ಣವಾಗಿ ಬಲಿತಿದೆ: ಒಟ್ಟು 22 ಅಕ್ಷರಗಳ ಲಿಪಿ, ಎಲ್ಲವೂ ವ್ಯಂಜನ, ಬರೆಯುವುದು ಬಲದಿಂದ ಎಡಕ್ಕೆ. ಅತ್ಯಂತ ಹಳೆಯ ಗ್ರೀಕ್ ಬರಹಗಳೂ ಬಹುಮಟ್ಟಿಗೆ ಬಲದಿಂದ ಎಡಕ್ಕೇ ಓಡುತ್ತವೆ. ಆಮೇಲೆ ಕೆಲಕಾಲ ಉಳುವ ಎತ್ತು ಹೊಲದ ಅಂಚಿನಲ್ಲಿ ತಿರುಗುವ ಹಾಗೆ ಒಂದು ಸಾಲು ಆ ಕಡೆ, ಮುಂದಿನ ಸಾಲು ಈ ಕಡೆ ಬರೆದರು (ಈ ಹೋಲಿಕೆ ನನ್ನದಲ್ಲ, ಆ ಪದ್ಧತಿಗೆ ಗ್ರೀಕರೇ ಇಟ್ಟ ಹೆಸರಿನಲ್ಲಿರುವುದು). ಎಡದಿಂದ ಬಲಕ್ಕೆ ಬರೆಯುವುದು ಗಟ್ಟಿಯಾದದ್ದು ಅದಾದ ಮೇಲೆ.

ಗ್ರೀಕರು ತಾವೇ ಇದನ್ನು ಮುಚ್ಚಿಟ್ಟಿರಲಿಲ್ಲ. ಕ್ರಿ.ಪೂ. 5ನೇ ಶತಮಾನದ ಇತಿಹಾಸಕಾರ ಹೆರೊಡೋಟಸ್, ಕ್ಯಾಡ್ಮಸ್‌ನ ಜೊತೆ ಬಂದ ಫಿನೀಷಿಯನ್ನರು ಅಕ್ಷರ ತಂದರು, ಅದಕ್ಕೇ ಅವನ್ನು 'ಫಿನೀಷಿಯನ್ ಅಕ್ಷರ' ಎನ್ನುತ್ತೇವೆ ಎಂದು ಬರೆದ. ಕ್ಯಾಡ್ಮಸ್ ಪುರಾಣದ ವ್ಯಕ್ತಿ, ಅವನನ್ನು ನಂಬಬೇಕಿಲ್ಲ. ಆದರೆ ಆ ಹೆಸರನ್ನು ಹೆರೊಡೋಟಸ್ ಹುಟ್ಟಿಸಿದ್ದಲ್ಲ. ಟಿಯೋಸ್ ಎಂಬ ಊರಿನ ಕ್ರಿ.ಪೂ. 470ರ ಸುಮಾರಿನ ಕಲ್ಲುಶಾಸನದಲ್ಲೂ ಅಕ್ಷರಗಳಿಗೆ ಅದೇ ಹೆಸರಿದೆ. ಅದಕ್ಕಿಂತ ಮುಂಚಿನ, ಕ್ರಿ.ಪೂ. 500ರ ಆಸುಪಾಸಿನ ಕ್ರೀಟ್ ದ್ವೀಪದ ಶಾಸನವೊಂದು ಸ್ಪೆನ್ಸಿಥಿಯೋಸ್ ಎಂಬವನನ್ನು ಊರಿನ ಬರಹಗಾರನನ್ನಾಗಿ ನೇಮಿಸುತ್ತದೆ. ಅವನ ಹುದ್ದೆಯ ಹೆಸರು 'ಪೊಯಿನಿಕಸ್ಟಾಸ್', ಅಂದರೆ ಫಿನೀಷಿಯನ್ ಬರಹ ಬರೆಯುವವನು. ಅದು ಪುರಾಣವಲ್ಲ, ನೇಮಕಾತಿ ಆದೇಶ. ನನ್ನ ಮಟ್ಟಿಗೆ ಹೆರೊಡೋಟಸ್‌ಗಿಂತ ಇದು ದೊಡ್ಡ ಸಾಕ್ಷಿ.

ಇಲ್ಲೊಂದು ವಿಷಯ ಸೇರಿಸಬೇಕು. ಗ್ರೀಕರು ಬರೆದದ್ದು ಇದೇ ಮೊದಲಲ್ಲ. ಅರಮನೆಗಳ ಕಾಲದಲ್ಲಿ ಅವರಿಗೆ 'ಲೀನಿಯರ್ ಬಿ' ಎಂಬ ಬೇರೊಂದು ಬರಹವಿತ್ತು. ಅದು ಗ್ರೀಕ್ ಭಾಷೆಯೇ ಎಂದು 1952ರಲ್ಲಿ ಮೈಕೆಲ್ ವೆಂಟ್ರಿಸ್ ಬಿಡಿಸಿ ತೋರಿಸಿದರು. ಕ್ರಿ.ಪೂ. 1200ರ ಸುಮಾರಿಗೆ ಅರಮನೆಗಳು ಸುಟ್ಟು ಹಾಳಾದಾಗ, ಲೆಕ್ಕ ಬರೆಯುವ ಗುಮಾಸ್ತರ ಜೊತೆಗೆ ಬರಹವೂ ಹೋಯಿತು. ಮುಂದೆ ಕೆಲವು ಶತಮಾನ ಗ್ರೀಸಿನ ನೆಲದಲ್ಲಿ ಅಕ್ಷರವೇ ಕಾಣಿಸುವುದಿಲ್ಲ. ಫಿನೀಷಿಯನ್ ಅಕ್ಷರ ಬಂದದ್ದು ಆ ಖಾಲಿ ಜಾಗಕ್ಕೆ.

ಈಗ ಸ್ವರಗಳ ಪ್ರಶ್ನೆ. ಫಿನೀಷಿಯನ್ನರು 'ರಾಜ' ಎಂದು ಬರೆಯಬೇಕಾದರೆ ಮ್, ಲ್, ಕ್ ಎಂಬ ಮೂರೇ ಅಕ್ಷರ ಬರೆಯುತ್ತಿದ್ದರು. ನಮ್ಮ ಕಾಗುಣಿತದ ಯಾವ ಗುರುತೂ ಇಲ್ಲ, 'ಕ'ದೊಳಗೆ 'ಅ' ಕೂತಿರುವ ಹಾಗೆ ಒಳಗೂ ಇಲ್ಲ. ಓದುವವನು ಸಂದರ್ಭ ನೋಡಿ ತುಂಬಿಕೊಳ್ಳಬೇಕು. ಸೆಮಿಟಿಕ್ ಭಾಷೆಗಳಲ್ಲಿ ಪದದ ಅರ್ಥದ ತಿರುಳು ವ್ಯಂಜನಗಳಲ್ಲೇ ಇರುವುದರಿಂದ, ಜೊತೆಗೆ ಪದಗಳೆಲ್ಲ ವ್ಯಂಜನದಿಂದಲೇ ಶುರುವಾಗುವುದರಿಂದ, ಇದು ನಡೆಯುತ್ತಿತ್ತು. ಗ್ರೀಕ್‌ಗೆ ಅದು ಸಾಲದು. ಉಷಾದೇವಿಯ ಹೆಸರು 'ಎಓಸ್'. ಸ್ವರ ತೆಗೆದರೆ ಉಳಿಯುವುದು ಒಂದು 'ಸ್' ಮಾತ್ರ. 'ಈಓ' ಎಂಬ ಕನ್ಯೆಯ ಹೆಸರಿನಲ್ಲಿ ಏನೂ ಉಳಿಯುವುದಿಲ್ಲ.

ಹಾಗಾದರೆ ಸ್ವರಾಕ್ಷರ ಎಲ್ಲಿಂದ ಬಂತು? ಅರ್ಧ ಉತ್ತರ ಕಿವಿಯಲ್ಲಿದೆ. ಅಲಿ, ಉಮರ್, ಅರಬ್ ಎಂಬ ಹೆಸರುಗಳನ್ನು ನಾವು ಕನ್ನಡದಲ್ಲಿ ಯೋಚಿಸದೆ ಸ್ವರದಿಂದ ಬರೆಯುತ್ತೇವೆ. ಅರಬ್ಬಿಯಲ್ಲಿ ಇವು ಮೂರೂ ಶುರುವಾಗುವುದು 'ಐನ್' ಎಂಬ, ಗಂಟಲಿನ ಆಳದಿಂದ ಹೊರಡುವ ವ್ಯಂಜನದಿಂದ. ಆ ಸದ್ದು ನಮ್ಮ ಭಾಷೆಯಲ್ಲಿಲ್ಲ. ಹಾಗಾಗಿ ನಮ್ಮ ಕಿವಿ ಅದನ್ನು ದಾಟಿ ಹಿಂದಿರುವ ಸ್ವರವನ್ನು ಹಿಡಿಯುತ್ತದೆ. ಗ್ರೀಕನಿಗೂ ಆದದ್ದು ಇದೇ. ಫಿನೀಷಿಯನ್ 'ಆಲೆಫ್' ಎಂದಾಗ ಆತನ ಬಾಯಲ್ಲಿ ಮೊದಲು ಬರುತ್ತಿದ್ದುದು ಗಂಟಲು ಕ್ಷಣಕಾಲ ಮುಚ್ಚಿ ತೆರೆಯುವ ಒಂದು ವ್ಯಂಜನ. ಗ್ರೀಕನಿಗೆ ಕೇಳಿಸಿದ್ದು 'ಅ'. ಹೆಸರಿನ ಮೊದಲ ಸದ್ದೇ ಅಕ್ಷರದ ಸದ್ದು ಎಂಬ ಪಾಠವನ್ನು ಆತ ಸರಿಯಾಗಿಯೇ ಪಾಲಿಸಿದ; ಸಿಕ್ಕಿದ್ದು ಸ್ವರ. ಕಣ್ಣಿನ ಚಿತ್ರದಿಂದ ಬಂದ ದುಂಡಗಿನ 'ಐನ್' ಗ್ರೀಕಿನಲ್ಲಿ 'ಒ' ಆಯಿತು. ಇಂದು ನೀವು ಇಂಗ್ಲಿಷಿನಲ್ಲಿ 'ಓ' ಎಂದು ಬರೆಯುವ ಸೊನ್ನೆಯಾಕಾರ ಅದೇ.

ಇಷ್ಟಕ್ಕೇ ನಿಲ್ಲಿಸಿದರೆ ಗ್ರೀಕರ ಸ್ವರಾಕ್ಷರಗಳು ಒಂದು ಅದೃಷ್ಟದ ತಪ್ಪು ಎಂದಾಗುತ್ತದೆ. ಹಾಗೆ ಬರೆಯುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ, ಏಕೆಂದರೆ 'ಹೇ' ಮತ್ತು 'ವಾವ್' ಎಂಬ ಫಿನೀಷಿಯನ್ ಅಕ್ಷರಗಳು ಆ ಲೆಕ್ಕಕ್ಕೆ ಸಿಗುವುದಿಲ್ಲ. 'ಹ' ಎಂಬ ಸದ್ದು ಗ್ರೀಕ್‌ನಲ್ಲಿ ಇತ್ತು. ಹಾಗಾಗಿ 'ಹೇ' ಅವರಿಗೆ ಕೇಳಿಸಲಿಲ್ಲ ಎನ್ನುವಂತಿಲ್ಲ. ಫಿನೀಷಿಯನ್ನಿನಲ್ಲಿ 'ಹ'ಕಾರದ ಜಾತಿಯ ಎರಡು ಅಕ್ಷರಗಳಿದ್ದವು: ಮೃದುವಾದ 'ಹೇ', ಗಟ್ಟಿಯಾದ 'ಹೇತ್'. ಗ್ರೀಕರು ಗಟ್ಟಿಯದನ್ನು 'ಹ'ಕ್ಕೆ ಇಟ್ಟುಕೊಂಡು, ಉಳಿದದ್ದನ್ನು 'ಎ' ಸ್ವರಕ್ಕೆ ಹಚ್ಚಿದರು. 'ವಾವ್' ವಿಷಯ ಇನ್ನೂ ಸ್ಪಷ್ಟ. ಆಗಿನ ಗ್ರೀಕ್‌ನಲ್ಲಿ 'ವ' ಸದ್ದು ಜೀವಂತವಾಗಿತ್ತು, 'ಉ'ಗೂ ಅಕ್ಷರ ಬೇಕಿತ್ತು. ಒಂದೇ ಅಕ್ಷರವನ್ನು ಎರಡು ಮಾಡಿದರು. 'ವ'ದ ರೂಪ ಹಳೆಯ ಆರನೇ ಜಾಗದಲ್ಲೇ ಉಳಿಯಿತು. 'ಉ'ಗಾಗಿ ಇನ್ನೊಂದು ರೂಪ ಮಾಡಿ ಸಾಲಿನ ತುದಿಗೆ, 22ನೆಯದಾದ 'ತಾವ್' ಆದ ಮೇಲೆ, 23ನೆಯದಾಗಿ ಸೇರಿಸಿದರು. 'ಯೋದ್' ಎಂಬ 'ಯ'ಕಾರ 'ಇ' ಆಯಿತು. ಇದು ಕೂತು ಯೋಚಿಸಿದವರ ಕೆಲಸ.

ಸ್ವರ ಬರೆಯುವ ಆಲೋಚನೆಯೂ ಪೂರ್ತಿ ಹೊಸದಲ್ಲ. ಫಿನೀಷಿಯನ್ನರ ನೆರೆಯವರಾದ ಅರಮಾಯಿಕ್ ಬರಹಗಾರರು ಕ್ರಿ.ಪೂ. 9ನೇ ಶತಮಾನದಲ್ಲೇ 'ಹ', 'ವ', 'ಯ' ಅಕ್ಷರಗಳನ್ನು ಕೆಲವೆಡೆ, ಮುಖ್ಯವಾಗಿ ಪದದ ಕೊನೆಯಲ್ಲಿ, ದೀರ್ಘ ಸ್ವರದ ಗುರುತಾಗಿ ಬಳಸುತ್ತಿದ್ದರು. ಗ್ರೀಕರು ಮಾಡಿದ ನಿಜವಾದ ಹೊಸತು ಏನೆಂದರೆ, ಕೆಲವೆಡೆ ಎಂಬುದನ್ನು ಎಲ್ಲೆಡೆ ಎಂದು ಮಾಡಿದ್ದು. ಬಂದ ಸ್ವರವನ್ನೆಲ್ಲ, ಬಂದ ಕಡೆಯೆಲ್ಲ, ಬಿಡದೆ ಬರೆಯುವುದು. ಆ ಹೆಗ್ಗಳಿಕೆ ಅವರಿಗೇ ಸಲ್ಲಬೇಕು.

ಇದು ಒಂದೇ ಕಡೆ, ಒಂದೇ ಸಲ, ಕೆಲವೇ ಜನರಿಂದ ಆದದ್ದು ಎಂಬುದಕ್ಕೂ ಈ ಸ್ವರಾಕ್ಷರಗಳೇ ಆಧಾರ. ಗ್ರೀಕ್ ಊರುಗಳ ಹಳೆಯ ಲಿಪಿಗಳು ಒಂದಕ್ಕೊಂದು ಸಾಕಷ್ಟು ಬೇರೆ. ಆದರೆ ಎಲ್ಲ ಕಡೆಯೂ ಅವೇ ಐದು ಫಿನೀಷಿಯನ್ ಅಕ್ಷರಗಳೇ ಅವೇ ಐದು ಸ್ವರಗಳಾಗಿವೆ, ಎಲ್ಲ ಕಡೆಯೂ 'ವಾವ್' ಒಡೆದು ಎರಡಾಗಿದೆ. ಬೇರೆ ಬೇರೆ ಊರಿನವರು ಬೇರೆ ಬೇರೆಯಾಗಿ ಕಲಿತಿದ್ದರೆ ಇಷ್ಟು ಹೊಂದಿಕೆ ಬರುವುದು ಅಸಾಧ್ಯ.

ಊರೂರಿಗೆ ವ್ಯತ್ಯಾಸ ಬಂದದ್ದು ಮಹಾಪ್ರಾಣಗಳಲ್ಲಿ. ಗ್ರೀಕ್‌ನಲ್ಲಿ ನಮ್ಮ ಖ, ಥ, ಫಗಳಂಥ ಸದ್ದುಗಳಿದ್ದವು, ಫಿನೀಷಿಯನ್ನಿನಲ್ಲಿ ಇರಲಿಲ್ಲ. 'ಥ'ಕ್ಕೆ 'ತೇತ್' ಎಂಬ ಬೇರೊಂದು ತಕಾರ ಕೆಲಸಕ್ಕೆ ಬಂತು. ಉಳಿದೆರಡಕ್ಕೆ ಥೇರಾ ದ್ವೀಪದವರು 'ಕ' ಬರೆದು ಪಕ್ಕದಲ್ಲಿ 'ಹ', 'ಪ' ಬರೆದು ಪಕ್ಕದಲ್ಲಿ 'ಹ' ಬರೆದು ಸುಧಾರಿಸಿದರು. ಬೇರೆಯವರು ಹೊಸ ಅಕ್ಷರ ಮಾಡಿ ಸಾಲಿನ ಕೊನೆಗೆ ಸೇರಿಸಿದರು, ಆದರೆ ಯಾವ ಗುರುತು ಯಾವ ಸದ್ದಿಗೆ ಎಂಬಲ್ಲಿ ಒಮ್ಮತವಿರಲಿಲ್ಲ. ಅಡ್ಡಗೆರೆಗಳ ಕತ್ತರಿ ಗುರುತು ಪೂರ್ವದ ಗ್ರೀಕರಿಗೆ 'ಖ', ಯೂಬಿಯ ದ್ವೀಪದವರಿಗೆ 'ಕ್ಸ'. ಯೂಬಿಯದವರ ಲಿಪಿ ಇಟಲಿಗೆ ಹೋಗಿ, ಅಲ್ಲಿನ ಎಟ್ರಸ್ಕನ್ ಜನರ ಕೈದಾಟಿ ಲ್ಯಾಟಿನ್ ಆಯಿತು. ಇಂಗ್ಲಿಷಿನ 'ಎಕ್ಸ್' ಇವತ್ತಿಗೂ 'ಕ್ಸ' ಎಂದು ಕೇಳುವುದು ಆ ಕಾರಣಕ್ಕೆ. 19ನೇ ಶತಮಾನದಲ್ಲಿ ಅಡಾಲ್ಫ್ ಕಿರ್ಖೋಫ್ ಈ ವ್ಯತ್ಯಾಸಗಳನ್ನು ನಕಾಶೆಯ ಮೇಲೆ ಹಸಿರು, ಕೆಂಪು, ನೀಲಿ ಬಣ್ಣಗಳಲ್ಲಿ ಗುರುತಿಸಿದರು. ವಿದ್ವಾಂಸರು ಈಗಲೂ 'ಕೆಂಪು ಲಿಪಿ', 'ನೀಲಿ ಲಿಪಿ' ಎಂದೇ ಮಾತಾಡುತ್ತಾರೆ.

ಸಕಾರಗಳ ಗೊಂದಲವನ್ನು ಬಿಡಿಸಲು ಹೋದರೆ ಇನ್ನೊಂದು ಲೇಖನ ಬೇಕು. ಫಿನೀಷಿಯನ್ನರಿಗೆ ನಾಲ್ಕಿದ್ದವು, ಗ್ರೀಕರಿಗೆ ಅಷ್ಟು ಬೇಕಿರಲಿಲ್ಲ, ಹೆಸರುಗಳು ಅದಲುಬದಲಾದವು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಯಾವಾಗ? ಇಲ್ಲಿ ಹಳೆಯ ಜಗಳವಿದೆ. 1933ರಲ್ಲಿ ರೀಸ್ ಕಾರ್ಪೆಂಟರ್ ಕ್ರಿ.ಪೂ. 8ನೇ ಶತಮಾನದ ಕೊನೆಯ ಭಾಗ ಎಂದರು. 1973ರಲ್ಲಿ ಯೋಸೆಫ್ ನವೇ, ಗ್ರೀಕ್ ಅಕ್ಷರಗಳ ಕೆಲವು ರೂಪಗಳು ಬಹಳ ಪುರಾತನವಾಗಿವೆ, ಕ್ರಿ.ಪೂ. 11ನೇ ಶತಮಾನಕ್ಕೇ ಹೋಗಬೇಕು ಎಂದರು. ನವೇ ಅವರ ವಾದ ಜಾಣತನದ್ದು, ಆದರೆ ಅದನ್ನು ಒಪ್ಪಿದರೆ ಮುಂದಿನ ಸುಮಾರು ಮುನ್ನೂರು ವರ್ಷ ಗ್ರೀಕರು ಒಂದು ಮಡಕೆ ಚೂರಿನ ಮೇಲೂ ಗೀಚಲಿಲ್ಲ ಎಂದು ನಂಬಬೇಕಾಗುತ್ತದೆ. ಅಷ್ಟು ಅಗೆದ ಮೇಲೂ ಏನೂ ಸಿಗದಿರುವುದು ಕಷ್ಟ. ಸಿಕ್ಕಿರುವ ಗ್ರೀಕ್ ಗೀಚುಗಳು ಕ್ರಿ.ಪೂ. 8ನೇ ಶತಮಾನದಿಂದ ಶುರುವಾಗುತ್ತವೆ. ರೋಮ್ ಹತ್ತಿರದ ಗಾಬಿಯಲ್ಲಿ ಸಿಕ್ಕ ಗಡಿಗೆಯ ಮೇಲಿನ ನಾಲ್ಕೈದು ಅಕ್ಷರಗಳನ್ನು ಸುಮಾರು ಕ್ರಿ.ಪೂ. 770ಕ್ಕೆ ಇಡುತ್ತಾರೆ. ಇತ್ತ ಟರ್ಕಿಯ ಗೋರ್ಡಿಯನ್‌ನಲ್ಲಿ, ಗ್ರೀಕರ ನೆರೆಯವರಾದ ಫ್ರಿಜಿಯನ್ನರು ಅವೇ ಐದು ಸ್ವರಗಳನ್ನಿಟ್ಟು ಬರೆದ ಬರಹಗಳ ಕಾಲ ಕ್ರಿ.ಪೂ. 800ರ ಹತ್ತಿರಕ್ಕೆ ಹೋಗಿದೆ. ಇವನ್ನೆಲ್ಲ ಕೂಡಿಸಿದರೆ, ಕ್ರಿ.ಪೂ. 9ನೇ ಶತಮಾನದ ಕೊನೆ ಅಥವಾ 8ನೆಯದರ ಆರಂಭ ಎನ್ನುವುದು ಇಂದು ಬಹುಪಾಲು ವಿದ್ವಾಂಸರು ನಿಲ್ಲುವ ಜಾಗ. ನಾನೂ ಅಲ್ಲೇ.

ಎರಡು ಪಾತ್ರೆಗಳನ್ನು ಹತ್ತಿರದಿಂದ ನೋಡಿ. ಮೊದಲನೆಯದು ಅಥೆನ್ಸಿನ ಡಿಪಿಲಾನ್ ಸ್ಮಶಾನದಲ್ಲಿ 1871ರಲ್ಲಿ ಸಿಕ್ಕ ದ್ರಾಕ್ಷಾರಸದ ಹೂಜಿ, ಕಾಲ ಸುಮಾರು ಕ್ರಿ.ಪೂ. 740. ಸುಟ್ಟು ಬಣ್ಣ ಬಳಿದಾದ ಮೇಲೆ ಯಾರೋ ಅದರ ಹೆಗಲ ಸುತ್ತ ಚೂಪಾದ ಮೊನೆಯಿಂದ ಗೀಚಿದ್ದಾರೆ. ಕುಣಿಯುವವರಲ್ಲಿ ಈಗ ಯಾರು ಎಲ್ಲರಿಗಿಂತ ಲವಲವಿಕೆಯಿಂದ ಕುಣಿಯುತ್ತಾರೋ, ಎಂದು ಶುರುವಾಗುತ್ತದೆ. ಹೂಜಿ ಅವರಿಗೇ ಬಹುಮಾನ ಎಂಬ ಧ್ವನಿ. ಕೊನೆಯ ಕೆಲವು ಅಕ್ಷರಗಳು ಅರ್ಥವಾಗುವುದಿಲ್ಲ, ಕೈ ತಪ್ಪಿದ ಹಾಗಿವೆ. ಸಾಲು ಬಲದಿಂದ ಎಡಕ್ಕಿದೆ. 'ಅ' ಅಕ್ಷರ ಕಾಲೂರಿ ನಿಂತಿಲ್ಲ, ಫಿನೀಷಿಯನ್ ಆಲೆಫಿನ ಹಾಗೆ ಪಕ್ಕಕ್ಕೆ ಮಲಗಿದೆ. 'ಇ'ಯೂ ನೆಟ್ಟಗಿಲ್ಲ, ಯೋದಿನ ಹಾಗೆ ಮುರಿದು ಬಾಗಿದೆ. ತಾಯಿಲಿಪಿಯ ಚಹರೆ ಇನ್ನೂ ಮಾಸಿಲ್ಲ.

ಎರಡನೆಯದು ಇಟಲಿಯ ಇಸ್ಕಿಯಾ ದ್ವೀಪದಲ್ಲಿ, ಆಗಿನ ಪಿಥೆಕೂಸಾಯಿಯಲ್ಲಿ, ಜಾರ್ಜೊ ಬುಖ್ನರ್ 1954ರಲ್ಲಿ ಸಮಾಧಿಯೊಂದರಿಂದ ತೆಗೆದ ಮಣ್ಣಿನ ಬಟ್ಟಲು. ಅದರ ಮೇಲಿರುವ ಮೂರು ಸಾಲಿನ ತಾತ್ಪರ್ಯ: ನೆಸ್ಟರನದು ಕುಡಿಯಲು ಸೊಗಸಾದ ಬಟ್ಟಲು, ಆದರೆ ಇದರಲ್ಲಿ ಕುಡಿದವರನ್ನು ಚೆಲುವಿನ ಕಿರೀಟದ ಪ್ರೇಮದೇವತೆ ಅಫ್ರೊಡೈಟಿಯ ಬಯಕೆ ಆ ಕ್ಷಣವೇ ಹಿಡಿದುಕೊಳ್ಳುತ್ತದೆ. ಹೋಮರನ ಇಲಿಯಡ್ ಕಾವ್ಯದಲ್ಲಿ ಮುದಿ ರಾಜ ನೆಸ್ಟರನಿಗೊಂದು ಭಾರಿ ಪಾನಪಾತ್ರೆಯಿದೆ. ತುಂಬಿದಾಗ ಬೇರೆಯವರು ಅದನ್ನು ಎತ್ತಲು ತಿಣುಕುತ್ತಿದ್ದರು. ಕೈಯಲ್ಲಿ ಹಿಡಿಯುವ ಪುಟ್ಟ ಮಣ್ಣಿನ ಬಟ್ಟಲಿಗೆ ಆ ಹೆಸರು ತಂದು ಗೇಲಿ ಮಾಡಿದ್ದಾರೆ. ಕೊನೆಯ ಎರಡು ಸಾಲು ಹೋಮರನದೇ ಛಂದಸ್ಸಿನಲ್ಲಿವೆ, ಪದಗಳ ನಡುವೆ ಬಿಡುವಿಗೆ ಚುಕ್ಕೆಗಳೂ ಇವೆ.

ಎಲ್ಲಿ ಎಂಬುದಕ್ಕೆ ಈ ಬಟ್ಟಲೇ ಒಂದು ಸುಳಿವು. ಪಿಥೆಕೂಸಾಯಿಯಲ್ಲಿ ನೆಲೆಸಿದ್ದ ಗ್ರೀಕರು ಯೂಬಿಯದವರು. ಅವರ ಸ್ವಂತ ಊರಾದ ಲೆಫ್ಕಾಂಡಿಯ ಸಮಾಧಿಗಳಲ್ಲಿ ಕ್ರಿ.ಪೂ. 10ನೇ ಶತಮಾನದಿಂದಲೇ ಪೂರ್ವದೇಶದ ಸಾಮಾನುಗಳಿವೆ. ಯೂಬಿಯದ್ದೇ ಊರಾದ ಎರೆಟ್ರಿಯದ ಅಪೊಲೊ ದೇಗುಲದ ಆವರಣದಲ್ಲಿ ಗ್ರೀಕ್ ಗೀಚುಗಳ ಜೊತೆಯಲ್ಲೇ ಸೆಮಿಟಿಕ್ ಅಕ್ಷರಗಳ ಚೂರೊಂದು ಸಿಕ್ಕಿದೆ. ಪಿಥೆಕೂಸಾಯಿಯಲ್ಲೂ ಮಗುವಿನ ಸಮಾಧಿಗೆ ಬಳಸಿದ ಜಾಡಿಯ ಮೇಲೆ ಸೆಮಿಟಿಕ್ ಬರಹವಿದೆ. ಅಂದರೆ ಎರಡೂ ಬರಹದವರು ಒಂದೇ ಊರಿನಲ್ಲಿ ಬಾಳುತ್ತಿದ್ದರು. ಕ್ರೀಟ್ ಪರವಾಗಿಯೂ ವಾದವಿದೆ: ಕ್ನಾಸೋಸ್ ಬಳಿಯ ಟೆಕ್ಕೆ ಸಮಾಧಿಯಲ್ಲಿ ಫಿನೀಷಿಯನ್ ಬರಹವಿರುವ ಕಂಚಿನ ಬಟ್ಟಲು ಸಿಕ್ಕಿದೆ. ಲಿಯೊನಾರ್ಡ್ ವೂಲಿ 1930ರ ದಶಕದಲ್ಲಿ ಅಗೆದ, ಸಿರಿಯಾ ಗಡಿಯ ಹತ್ತಿರದ ಕರಾವಳಿಯ ಅಲ್ ಮಿನಾ ಬಂದರನ್ನು ಹಿಂದೆ ಬಹಳ ಜನ ಹೇಳುತ್ತಿದ್ದರು. ಸೈಪ್ರಸ್ ನನಗೆ ಅಷ್ಟು ಹೊಂದುವುದಿಲ್ಲ. ಅಲ್ಲಿನ ಗ್ರೀಕರ ಬಳಿ ಆಗಲೇ ತಮ್ಮದೇ ಬರಹವಿತ್ತು, ಶತಮಾನಗಳ ಕಾಲ ಅದನ್ನು ಬಿಡಲೂ ಇಲ್ಲ. ಪಂದ್ಯ ಕಟ್ಟು ಎಂದರೆ ನಾನು ಯೂಬಿಯದವರ ಮೇಲೆ ಕಟ್ಟುತ್ತೇನೆ, ಊರು ಯಾವುದೇ ಇರಲಿ.

ವ್ಯಾಪಾರದ ಲೆಕ್ಕಕ್ಕಾಗಿ ಲಿಪಿ ಕಲಿತರು ಎಂಬ ಮಾತು ಪಠ್ಯಪುಸ್ತಕಗಳಲ್ಲಿ ಬರುತ್ತದೆ. ಆದರೆ ಉಳಿದಿರುವ ಮೊದಲ ಬರಹಗಳಲ್ಲಿ ಲೆಕ್ಕಪತ್ರ ಕಾಣಿಸುವುದಿಲ್ಲ. ಇರುವುದು ಪಾತ್ರೆಯ ಒಡೆಯರ ಹೆಸರು, ಕುಡಿತದ ಕೂಟದ ಪದ್ಯ, ದೇವರಿಗೆ ಒಪ್ಪಿಸಿದ ಮಾತು. ಇದನ್ನೇ ಹಿಡಿದು ಬ್ಯಾರಿ ಪೊವೆಲ್, ಒಬ್ಬ ವ್ಯಕ್ತಿ ಹೋಮರನ ಕಾವ್ಯವನ್ನು ಬರೆದಿಡಲೆಂದೇ ಈ ಲಿಪಿಯನ್ನು ರೂಪಿಸಿದ ಎಂದು ವಾದಿಸಿದರು. ನನಗೆ ಅದು ಅತಿಯಾಯಿತು ಎನಿಸುತ್ತದೆ. ಚರ್ಮ, ಮರದ ಹಲಗೆ, ಪಪೈರಸ್ ಮೇಲೆ ಬರೆದದ್ದೆಲ್ಲ ಕೊಳೆತು ಹೋಗಿದೆ. ಲೆಕ್ಕ ಬರೆಯುವುದಿದ್ದರೆ ಬರೆಯುತ್ತಿದ್ದುದು ಅಂಥವುಗಳ ಮೇಲೆಯೇ. ಆದರೂ ಪದ್ಯವನ್ನು ಸ್ವರ ಬಿಟ್ಟು ಬರೆದರೆ ಗ್ರೀಕ್ ಛಂದಸ್ಸೇ ಕೈಗೆ ಸಿಗುವುದಿಲ್ಲ ಎಂಬ ಅವರ ಮೂಲ ಮಾತನ್ನು ತಳ್ಳಿಹಾಕುವಂತಿಲ್ಲ.

ಮುಂದಿನ ಕಥೆ ಚುಟುಕಾಗಿ. ಇಯೋನಿಯಾದ, ಅಂದರೆ ಈಗಿನ ಟರ್ಕಿಯ ಪಶ್ಚಿಮ ಕರಾವಳಿಯ, ಗ್ರೀಕರು ಮಾತಿನಲ್ಲಿ 'ಹ'ಕಾರ ಕಳೆದುಕೊಂಡರು. ಖಾಲಿಯಾದ 'ಹೇತ್' ಅಕ್ಷರವನ್ನು ದೀರ್ಘ 'ಏ'ಗೆ ಬಳಸಿದರು. ಅದಕ್ಕೆ ಜೊತೆಯಾಗಿ ದುಂಡು 'ಒ'ವನ್ನು ಕೆಳಗೆ ತೆರೆದು ದೀರ್ಘ 'ಓ' ಅಂದರೆ ಒಮೆಗಾ ಮಾಡಿದರು. ಎ-ಏ, ಒ-ಓ ಬೇರೆ ಬೇರೆ ಬರೆಯುವ ಕನ್ನಡಿಗರಿಗೆ ಇದು ಸಹಜ ಎನಿಸಬಹುದು, ಆದರೆ ಅ-ಆ, ಇ-ಈಗಳಿಗೆ ಅವರು ಕೊನೆವರೆಗೂ ಬೇರೆ ಅಕ್ಷರ ಮಾಡಲಿಲ್ಲ. ಕ್ರಿ.ಪೂ. 403ರಲ್ಲಿ ಅಥೆನ್ಸ್ ಸರ್ಕಾರಿ ಬರಹಕ್ಕೆ ಈ ಇಯೋನಿಯನ್ ಲಿಪಿಯನ್ನು ಒಪ್ಪಿಕೊಂಡಿತು. ಮುಂದೆ ಉಳಿದ ಊರುಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು. ಬಿಟ್ಟುಹೋದ 'ವ'ಕಾರ ಅಂಕಿಯಾಗಿ ಮಾತ್ರ ಉಳಿಯಿತು: ಅದರ ಬೆಲೆ 6, ಫಿನೀಷಿಯನ್ ಸಾಲಿನಲ್ಲಿ ಅದಕ್ಕಿದ್ದ ಜಾಗವೇ.

ಕೊನೆಗೆ ಬ್ರಾಹ್ಮಿ. ಗ್ರೀಕ್ ಲಿಪಿಯಿಂದ ನಮ್ಮದು ಬಂತೆಂದು ಹೇಳಲು ಆಧಾರ ಸಾಲದು. ಫಿನೀಷಿಯನ್ನಿನ ಇನ್ನೊಂದು ಮಗಳಾದ ಅರಮಾಯಿಕ್ ಲಿಪಿ ಪರ್ಷಿಯನ್ ಸಾಮ್ರಾಜ್ಯದ ಕಚೇರಿಗಳ ಮೂಲಕ ಗಾಂಧಾರದವರೆಗೆ ಬಂದಿತ್ತು. ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಅದರಿಂದ ಹುಟ್ಟಿತು ಎಂಬುದರಲ್ಲಿ ಹೆಚ್ಚು ತಕರಾರಿಲ್ಲ. ಬ್ರಾಹ್ಮಿಯ ವಿಷಯದಲ್ಲಿ ತಕರಾರಿದೆ. 19ನೇ ಶತಮಾನದ ಕೊನೆಯಲ್ಲಿ ಗೇಯೋರ್ಗ್ ಬ್ಯೂಲರ್ ಸೆಮಿಟಿಕ್ ಮೂಲವನ್ನು ಬಲವಾಗಿ ವಾದಿಸಿದರು. ಇಲ್ಲೇ ಹುಟ್ಟಿದ್ದು ಎನ್ನುವವರೂ ಇದ್ದಾರೆ. ಕೆಲವು ಅಕ್ಷರಗಳ ಆಕಾರ ಹೊರಗಿನಿಂದ ಬಂದಿರಬಹುದು, ಆದರೆ ವರ್ಗಗಳ ಜೋಡಣೆ ಮತ್ತು ಕಾಗುಣಿತದ ಕಲ್ಪನೆ ಇಲ್ಲಿನ ಉಚ್ಚಾರಣಾಶಾಸ್ತ್ರದ್ದು ಎಂದು ನಾನು ತಿಳಿದಿದ್ದೇನೆ. ಫಿನೀಷಿಯನ್ ವಂಶದ ಅಕ್ಷರವೊಂದನ್ನು ಕರ್ನಾಟಕದ ನೆಲದಲ್ಲೇ ನೋಡಬೇಕೆಂದರೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ. ಅಲ್ಲಿನ ಅಶೋಕ ಶಾಸನ ಬ್ರಾಹ್ಮಿಯಲ್ಲಿದೆ. ಅದನ್ನು ಬರೆದ ಚಪಡ ಎಂಬ ಲಿಪಿಕಾರ ಕೊನೆಯಲ್ಲಿ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಹಾಕಿ, 'ಲಿಪಿಕಾರನಿಂದ' ಎಂಬರ್ಥದ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ದೂರದ ವಾಯವ್ಯದಲ್ಲಿ ಕಲಿತು ಬಂದವನಿರಬೇಕು.